ಮಂಗಳೂರಿನ ಹಳೆಯ ಕಾಗದಗಳನ್ನು ಓದಿದ ಪಂಡಿತ ಗೊಯ್ಟೈನ್

ಇತಿಹಾಸವೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಸಂಧಿ, ದಾನಶಾಸನ ಇವೇ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಅಂಗಡಿಯ ಜಮಾಖರ್ಚಿನ ಚೀಟಿ, ದೂರದೂರಿನಿಂದ ಅಣ್ಣನು ತಮ್ಮನಿಗೆ ಬರೆದ ಕಾಗದ, ಬಾಕಿ ತೀರಿಸದ ವ್ಯಾಪಾರಿಯ ಮೇಲಿನ ದೂರು, ಮನೆಗೆ ತರಿಸಿದ ಸಾಮಾನಿನ ಪಟ್ಟಿ, ಇಂಥವು ಕಸದ ಬುಟ್ಟಿಗೆ ಸಲ್ಲತಕ್ಕವೇ ಹೊರತು ಪಂಡಿತರ ಮೇಜಿಗೆ ಸಲ್ಲತಕ್ಕವಲ್ಲವೆಂದು ನಾವು ತಿಳಿಯುತ್ತೇವೆ. ಇಂತಹ ಚೀಟಿಗಳನ್ನೇ ಮೂರು ದಶಕಗಳಿಗೂ ಮಿಕ್ಕಿ ಓದಿ, ಅವುಗಳ ಆಧಾರದಿಂದಲೇ ಒಂಬೈನೂರು ವರ್ಷಗಳ ಹಿಂದಿನ ಜನಸಾಮಾನ್ಯರ ಬಾಳನ್ನು ಎಬ್ಬಿಸಿ ನಿಲ್ಲಿಸಿದ ಮಹಾಪಂಡಿತರೊಬ್ಬರ ಜೀವನವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇನೆ. ಅವರ ಹೆಸರು ಶೆಲೊಮೊ ದೋವ್ ಗೊಯ್ಟೈನ್. ಹುಟ್ಟಿನಿಂದ ಅವರು ಯೆಹೂದ್ಯರು. ಜೀವಮಾನವಿಡೀ ಅಭ್ಯಸಿಸಿದ್ದು ಅರಬ್ಬೀ ಭಾಷೆಯನ್ನು ಮತ್ತು ಇಸ್ಲಾಮಿನ ಇತಿಹಾಸವನ್ನು. ನಮ್ಮವರ ಮಟ್ಟಿಗೆ ಅವರು ಕೇವಲ ಪರದೇಶದ ಪಂಡಿತರಲ್ಲ. ಏಕೆಂದರೆ ಅವರು ಓದಿದ ಕಾಗದಗಳಲ್ಲಿ ಒಂದು ಕಟ್ಟು ನಮ್ಮ ಮಂಗಳೂರಿಗೆ ಸೇರಿದುದು.

ಯೆಹೂದ್ಯರು ಮುಂಬಯಿಯ ಕನ್ನಡಿಗರಿಗೆ ತೀರ ಅಪರಿಚಿತರೇನೂ ಅಲ್ಲ. ನಮ್ಮ ಕರಾವಳಿಯ ಎಷ್ಟೋ ಮಂದಿ ಬೆವರು ಸುರಿಸಿದ ಕೊಲಾಬಾದ ಸಸೂನ್ ಡಾಕ್, ಬಗ್ದಾದಿನಿಂದ ಬಂದು ಇಲ್ಲಿ ನೆಲೆಸಿದ ಸಸೂನ್ ಎಂಬ ಯೆಹೂದ್ಯ ಮನೆತನದವರು 1875ರಲ್ಲಿ ಕಟ್ಟಿಸಿದುದು. ಮಾಂಡ್ವಿಯಲ್ಲಿರುವ ಯೆಹೂದ್ಯರ ಹಳೆಯ ಪ್ರಾರ್ಥನಾಮಂದಿರವು 1796ರಷ್ಟು ಹಿಂದಿನದು. ಅದನ್ನು ಕಟ್ಟಿಸಿದ ಸಾಮುಯೆಲ್ ದಿವೇಕರನು ಟಿಪ್ಪುಸುಲ್ತಾನನ ಸೆರೆಯಿಂದ ಪಾರಾಗಿ ಬಂದ ಕೃತಜ್ಞತೆಗಾಗಿ ಆ ಕಾರ್ಯ ಮಾಡಿದನೆಂದು ಪ್ರತೀತಿಯಿದೆ. ಮಸ್ಜಿದ್ ಬಂದರ್ ಸ್ಟೇಷನ್ನಿಗೆ ಆ ಹೆಸರು ಬಂದುದೂ ಈ ಮಂದಿರದಿಂದಲೇ ಎಂದು ಹೇಳುವವರುಂಟು. ಇನ್ನೂ ಒಂದು ಸಂಗತಿ ನಮ್ಮಂತಹ ವಲಸೆ ಜನರ ಪತ್ರಿಕೆಯನ್ನು ಓದುವವರಿಗೆ ಸ್ವಾರಸ್ಯವೆನಿಸೀತು. 1855ರಲ್ಲಿ ಮುಂಬಯಿಯ ಬಗ್ದಾದಿ ಯೆಹೂದ್ಯರು ತಮ್ಮ ಜನರಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಿದರು. ಅದರ ಭಾಷೆ ಅರಬ್ಬೀ, ಲಿಪಿ ಮಾತ್ರ ಹೀಬ್ರೂ. ನಮ್ಮ ಜಿಲ್ಲೆಯಲ್ಲಿ ತುಳುವನ್ನೂ ಕೊಂಕಣಿಯನ್ನೂ ಬ್ಯಾರಿ ಭಾಷೆಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ವಾಡಿಕೆಯನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ತೋರದು. ಆಡುವ ಭಾಷೆ ಒಂದು, ಕೈಗೆ ಅಭ್ಯಾಸವಾದ ಲಿಪಿ ಮತ್ತೊಂದು. ಗೊಯ್ಟೈನರ ಜೀವನವನ್ನು ತಿಳಿಯಬೇಕಾದರೆ ಈ ಮಾತನ್ನು ನೆನಪಿನಲ್ಲಿಡಬೇಕು.

ಹಿರಿಯರು ಹಾಕಿದ ದಾರಿ

ಯೆಹೂದ್ಯರಿಗೂ ಅರಬ್ಬೀ ವಿದ್ಯೆಗೂ ಇರುವ ನಂಟು ಬಹಳ ಹಳೆಯದು. ಹೀಬ್ರೂ ಮತ್ತು ಅರಬ್ಬೀ ಒಂದೇ ಮನೆತನದ ಭಾಷೆಗಳು. ಕನ್ನಡ ಬಲ್ಲವನು ತುಳುವನ್ನು ಕಲಿಯುವಂತೆ ಒಂದನ್ನು ಬಲ್ಲವನು ಮತ್ತೊಂದನ್ನು ಸುಲಭವಾಗಿ ಹಿಡಿಯಬಲ್ಲನು. ಮಧ್ಯಯುಗದಲ್ಲಿ ಸ್ಪೇನಿನಿಂದ ಇರಾಕಿನವರೆಗೆ ವಾಸವಾಗಿದ್ದ ಯೆಹೂದ್ಯರ ಮನೆಮಾತು ಅರಬ್ಬಿಯೇ ಆಗಿದ್ದಿತು. ಅವರ ತತ್ತ್ವಜ್ಞಾನಿಗಳಲ್ಲಿ ಅಗ್ರಗಣ್ಯನಾದ ಮೈಮೊನಿಡೀಸನು ತನ್ನ ಮುಖ್ಯ ತತ್ತ್ವಗ್ರಂಥವನ್ನು ಬರೆದುದೂ ಅರಬ್ಬಿಯಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ವಿಶ್ವವಿದ್ಯಾನಿಲಯಗಳ ಬಾಗಿಲು ಯೆಹೂದ್ಯ ತರುಣರಿಗೆ ತೆರೆದಾಗ ಅವರಲ್ಲಿ ಹಲವರು ಈ ಹಳೆಯ ನಂಟನ್ನು ಮತ್ತೆ ಅರಸಿ ಹೊರಟರು. 1833ರಲ್ಲಿ ಅಬ್ರಹಾಂ ಗೈಗರ್ ಎಂಬ ಜರ್ಮನ್ ಯೆಹೂದ್ಯ ತರುಣನು ಕುರಾನಿಗೂ ಯೆಹೂದ್ಯ ಗ್ರಂಥಗಳಿಗೂ ಇರುವ ಸಂಬಂಧವನ್ನು ಕುರಿತು ಒಂದು ಗ್ರಂಥ ಬರೆದನು. ಅದರ ಬಳಿಕ ಗುಸ್ತಾವ್ ವೈಲ್ ಖಲೀಫರ ಇತಿಹಾಸವನ್ನು ಬರೆದನು.

ಇವರೆಲ್ಲರಿಗಿಂತ ದೊಡ್ಡ ಹೆಸರು ಹಂಗೇರಿಯ ಇಗ್ನಾಟ್ಸ್ ಗೋಲ್ಡ್‌ಜೀಹರರದು. 1850ರಲ್ಲಿ ಹುಟ್ಟಿದ ಇವರು ತಾರುಣ್ಯದಲ್ಲಿ ಕೈರೋ ನಗರದ ಅಲ್-ಅಜ್ಹರ್ ವಿದ್ಯಾಪೀಠದಲ್ಲಿ ಮುಸಲ್ಮಾನ ಮೌಲ್ವಿಗಳ ಮುಂದೆ ಕುಳಿತು ಪಾಠ ಕೇಳಿದರು. ಊರಿಗೆ ಮರಳಿದಾಗ ಅವರ ವಿದ್ವತ್ತಿಗೆ ತಕ್ಕ ವೇತನದ ಹುದ್ದೆ ಸಿಗಲಿಲ್ಲ. ಹೊಟ್ಟೆಪಾಡಿಗಾಗಿ ಬುಡಾಪೆಸ್ಟಿನ ಯೆಹೂದ್ಯ ಸಮಾಜದ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಸೇರಿ, ಸುಮಾರು ಮೂವತ್ತು ವರ್ಷ ಹಗಲೆಲ್ಲ ಅರ್ಜಿ, ವರದಿ, ಲೆಕ್ಕಪತ್ರಗಳಲ್ಲಿ ಮುಳುಗಿರಬೇಕಾಯಿತು. ಉಳಿದ ವೇಳೆಯಲ್ಲಿ ಓದಿ ಬರೆದ ಅವರ ಗ್ರಂಥಗಳು ಪ್ರವಾದಿಯವರ ಪರಂಪರಾಗತ ವಚನಗಳಾದ ಹದೀಸುಗಳ ಅಧ್ಯಯನಕ್ಕೆ ಯುರೋಪಿನಲ್ಲಿ ಹೊಸ ತಳಹದಿಯನ್ನು ಹಾಕಿದವು. ಅವರು ಪೂರ್ಣ ಪ್ರಾಧ್ಯಾಪಕರಾದುದು ಐವತ್ತೈದರ ಪ್ರಾಯದ ಸುಮಾರಿಗೆ. ಹಗಲು ಗುಮಾಸ್ತಗಿರಿ ಮಾಡಿ ಸಂಜೆ ರಾತ್ರಿಶಾಲೆಗೆ ಹೋಗಿ ಓದಿದ ನಮ್ಮ ಬಾಂಧವರಿಗೆ ಈ ಪಂಡಿತರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗೊಯ್ಟೈನರು 1900ನೆಯ ಇಸವಿಯ ಏಪ್ರಿಲ್ 3ರಂದು ಜರ್ಮನಿಯ ಬವೇರಿಯಾ ಪ್ರಾಂತದ ಬುರ್ಗ್‌ಕುನ್‌ಸ್ಟಾಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಆ ಊರಿನ ಯೆಹೂದ್ಯರ ಧರ್ಮಗುರು. ಅವರ ಮೂಲ ಮನೆತನ ಹಂಗೇರಿಯದು. ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಲಕನು ತಂದೆಯನ್ನು ಕಳೆದುಕೊಂಡನು. ಬಳಿಕ ಕುಟುಂಬವು ಫ್ರಾಂಕ್‌ಫರ್ಟ್ ನಗರದಲ್ಲಿ ನೆಲೆಸಿತು. ಅಲ್ಲಿ ಧರ್ಮಗ್ರಂಥಗಳ ಪಾಠವೂ ಲೌಕಿಕ ವಿದ್ಯಾಭ್ಯಾಸವೂ ಜೊತೆಜೊತೆಯಾಗಿ ನಡೆದವು.

1918ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಅವರಿಗೆ ದೊರೆತ ಗುರು ಜೋಸೆಫ್ ಹೊರೊವಿಟ್ಸ್. ಈ ಗುರುವಿಗೂ ಭಾರತಕ್ಕೂ ನಿಕಟವಾದ ಸಂಬಂಧವಿದ್ದಿತು. ಅವರು 1907ರಿಂದ ಮೊದಲನೆಯ ಮಹಾಯುದ್ಧದ ಆರಂಭದವರೆಗೆ ಆಲಿಘರ್ ಕಾಲೇಜಿನಲ್ಲಿ ಮುಸಲ್ಮಾನ ವಿದ್ಯಾರ್ಥಿಗಳಿಗೆ ಅರಬ್ಬೀ ಕಲಿಸಿದ ಯೆಹೂದ್ಯ ಅಧ್ಯಾಪಕರು. ಭಾರತ ಸರಕಾರದ ಪರವಾಗಿ ದೇಶದ ಮಸೀದಿ, ಗೋರಿ, ಕೋಟೆಗಳ ಮೇಲಿನ ಅರಬ್ಬೀ ಮತ್ತು ಪಾರ್ಸಿ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸುವ ಕಾರ್ಯವೂ ಅವರ ಕೈಯಲ್ಲಿದ್ದಿತು. ಯುದ್ಧ ಆರಂಭವಾದಾಗ ಅವರು ಜರ್ಮನ್ ಪ್ರಜೆಯಾದುದರಿಂದ ಇಲ್ಲಿಯ ಕೆಲಸ ಕೊನೆಗೊಂಡಿತು. ಇಂತಹ ಗುರುವಿನ ಕೈಕೆಳಗೆ ಗೊಯ್ಟೈನರು ಕುರಾನಿನಲ್ಲಿ ಪ್ರಾರ್ಥನೆಯ ಸ್ಥಾನವೆಂಬ ವಿಷಯದ ಮೇಲೆ ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನು ಪಡೆದರು. ತಾನು ಪ್ರತಿದಿನ ಮಾಡುವ ಪ್ರಾರ್ಥನೆಯನ್ನು ಬಿಡದೆಯೇ, ನೆರೆಯ ಧರ್ಮದವನು ಹೇಗೆ ಪ್ರಾರ್ಥಿಸುತ್ತಾನೆಂಬುದನ್ನು ಆದರದಿಂದ ಅರಿಯಲು ಹೊರಟ ಇಪ್ಪತ್ತಮೂರರ ತರುಣನ ಮನೋಧರ್ಮವನ್ನು ಈ ವಿಷಯವೇ ತಿಳಿಸುತ್ತದೆ.

1923ರಲ್ಲಿ ಅವರು ಪಾಲೆಸ್ತೀನಕ್ಕೆ ತೆರಳಿದರು. ಹೈಫಾ ಪಟ್ಟಣದ ಶಾಲೆಯಲ್ಲಿ ನಾಲ್ಕು ವರ್ಷ ಮಾಸ್ತರಿಕೆ ಮಾಡಿ, 1928ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ಇಸ್ಲಾಮೀ ಅಧ್ಯಯನದ ಅಧ್ಯಾಪಕರಾದರು. ಒಂಬತ್ತನೆಯ ಶತಮಾನದ ಇತಿಹಾಸಕಾರನಾದ ಅಲ್-ಬಲಾಧುರಿಯ ಬೃಹದ್‌ಗ್ರಂಥದ ಒಂದು ಸಂಪುಟವನ್ನು ಅವರು ಪರಿಷ್ಕರಿಸಿ 1936ರಲ್ಲಿ ಪ್ರಕಟಿಸಿದುದು ಆ ಕಾಲದ ಮುಖ್ಯ ಕೆಲಸ.

ಆದರೆ ಪುಸ್ತಕದ ಅರಬ್ಬಿಯಷ್ಟರಿಂದಲೇ ಅವರಿಗೆ ತೃಪ್ತಿಯಾಗಲಿಲ್ಲ. ಯೆಮೆನ್ ದೇಶದಿಂದ ವಲಸೆ ಬಂದ ಬಡ ಯೆಹೂದ್ಯರು, ನೇಕಾರರು, ಕುಶಲಕರ್ಮಿಗಳು, ಆಗ ಜೆರುಸಲೇಮಿನಲ್ಲಿದ್ದರು. ವಿದ್ಯಾವಂತರು ಅವರ ಕಡೆ ತಿರುಗಿ ನೋಡುತ್ತಿದ್ದುದು ಕಡಿಮೆ. ಗೊಯ್ಟೈನರು ಅವರ ಬಳಿ ಕುಳಿತು ಅವರ ಆಡುಮಾತನ್ನು ಕಲಿತರು. ಅವರ ಗಾದೆಗಳನ್ನು ಸಂಗ್ರಹಿಸಿ 1934ರಲ್ಲಿ ಗ್ರಂಥರೂಪದಲ್ಲಿ ತಂದರು. ಮುಂದೆ ಹಳೆಯ ವ್ಯಾಪಾರಿಗಳ ಕಾಗದಗಳು ಕೈಗೆ ಬಂದಾಗ, ಯಾವ ನಿಘಂಟಿನಲ್ಲಿಯೂ ಇಲ್ಲದ ಪಾತ್ರೆಪಗಡಿಯ ಹೆಸರುಗಳೂ ಬಟ್ಟೆಬರೆಯ ಹೆಸರುಗಳೂ ಅವರಿಗೆ ತಿಳಿದುದು ಈ ಕೂಲಿಕಾರರ ಸಹವಾಸದ ಫಲದಿಂದ.

1938ರಿಂದ 1948ರವರೆಗೆ ಅವರು ಬ್ರಿಟಿಷ್ ಆಡಳಿತದ ವಿದ್ಯಾ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿ, ಯೆಹೂದ್ಯರ ಶಾಲೆಗಳನ್ನೂ ಅರಬ್ಬರ ಶಾಲೆಗಳನ್ನೂ ಸಂದರ್ಶಿಸುತ್ತಿದ್ದರು. ಎರಡು ಜನಾಂಗಗಳ ನಡುವೆ ರಕ್ತಪಾತ ಹೆಚ್ಚುತ್ತಲಿದ್ದ ವರ್ಷಗಳು ಅವು. 1948ರಲ್ಲಿ ಇಸ್ರೇಲ್ ರಾಷ್ಟ್ರದ ಸ್ಥಾಪನೆಯಾಯಿತು. ಯುದ್ಧವೂ ಜೊತೆಗೆ ಬಂದಿತು. ಲಕ್ಷಾಂತರ ಅರಬ್ಬರು ಮನೆಮಠ ಕಳೆದುಕೊಂಡರು. ಮುಂದಿನ ವರ್ಷಗಳಲ್ಲಿ ಅರಬ್ ದೇಶಗಳ ಯೆಹೂದ್ಯರು ತಮ್ಮ ಹಳೆಯ ಊರುಗಳನ್ನು ಬಿಟ್ಟು ಹೊರಟರು. ಸಾವಿರ ವರ್ಷ ಒಂದೇ ಭಾಷೆಯನ್ನು ಆಡಿದ ಎರಡು ಸಮಾಜಗಳು ಪರಸ್ಪರ ಬಾಗಿಲು ಮುಚ್ಚಿಕೊಂಡ ಕಾಲದಲ್ಲಿಯೇ, ಗೊಯ್ಟೈನರು ಅವೆರಡರ ಹಿಂದಿನ ಸಹಜೀವನದ ಸಾಕ್ಷ್ಯವನ್ನು ಹುಡುಕತೊಡಗಿದರು.

ಕೈರೋದ ಕಾಗದದ ಕೋಣೆ

ಆ ಸಾಕ್ಷ್ಯ ದೊರೆತುದು ಹಳೆಯ ಕೈರೋ ಅಥವಾ ಫುಸ್ತಾತ್ ಎಂಬಲ್ಲಿಯ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಸುಡಬಾರದು, ಬೀದಿಗೆ ಎಸೆಯಬಾರದು ಎಂಬುದು ಯೆಹೂದ್ಯರ ನಿಯಮ. ಅಕ್ಷರಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಭಾವನೆ ಹೊಸದಲ್ಲ. ಹಾಗಾಗಿ ಆ ಮಂದಿರದಲ್ಲಿ ಗೆನೀಜಾ ಎಂಬ ಒಂದು ಕತ್ತಲೆಯ ಕೋಣೆಯಿದ್ದು, ಬೇಡವಾದ ಬರಹವನ್ನೆಲ್ಲ ಅದರೊಳಗೆ ಹಾಕುತ್ತಿದ್ದರು. ಧರ್ಮಗ್ರಂಥಗಳ ಹರಕು ಹಾಳೆಗಳೊಡನೆ ಅಂಗಡಿಯ ಚೀಟಿ, ಮದುವೆಯ ಕರಾರು, ಕೋರ್ಟಿನ ದಾಖಲೆ, ಮಕ್ಕಳ ಅಕ್ಷರಾಭ್ಯಾಸದ ಹಾಳೆ, ಎಲ್ಲವೂ ಒಳಗೆ ಬಿದ್ದವು. ಈಜಿಪ್ಟಿನ ಒಣ ಹವೆಯಿಂದ ಅವು ಕೆಡದೆ ಉಳಿದವು.

1896-97ರಲ್ಲಿ ಸಾಲೊಮನ್ ಷೆಕ್ಟರ್ ಎಂಬ ಕೇಂಬ್ರಿಜ್ ಪಂಡಿತರು ಆ ಕೋಣೆಯ ಧೂಳಿನಲ್ಲಿ ನಿಂತು ಸುಮಾರು 1 ಲಕ್ಷ 93 ಸಾವಿರ ತುಣುಕುಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಉಳಿದವು ಆಕ್ಸ್‌ಫರ್ಡ್, ಬುಡಾಪೆಸ್ಟ್, ಸೇಂಟ್ ಪೀಟರ್ಸ್‌ಬರ್ಗ್, ನ್ಯೂಯಾರ್ಕ್ ಮೊದಲಾದ ಕಡೆಗಳಿಗೆ ಚದುರಿ ಹೋದವು. ವಿದ್ವಾಂಸರು ಧರ್ಮಗ್ರಂಥ, ಕಾವ್ಯ ಮೊದಲಾದವುಗಳ ಹಾಳೆಗಳನ್ನು ಆತುರದಿಂದ ಆರಿಸಿಕೊಂಡರು. ವ್ಯಾಪಾರಿಗಳ ಕಾಗದಗಳನ್ನು ಮುಟ್ಟಿದವರು ಕೆಲವೇ ಮಂದಿ. ಬಹುಪಾಲು ಪೆಟ್ಟಿಗೆಗಳಲ್ಲಿಯೇ ಉಳಿದವು.

1950ರ ಸುಮಾರಿಗೆ, ತಮ್ಮ ಐವತ್ತನೆಯ ವಯಸ್ಸಿನಲ್ಲಿ, ಗೊಯ್ಟೈನರು ಈ ಕೆಲಸಕ್ಕೆ ಕೈಹಾಕಿದರು. ಕಾಗದಗಳ ಭಾಷೆ ಅರಬ್ಬೀ. ಅದೂ ಪುಸ್ತಕದ ಅರಬ್ಬಿಯಲ್ಲ, ಪೇಟೆಯ ಅರಬ್ಬೀ. ಲಿಪಿ ಹೀಬ್ರೂ, ಅದೂ ಹಡಗು ಹೊರಡುವ ಗಡಿಬಿಡಿಯಲ್ಲಿ ಗೀಚಿದುದು. ಒಂದೇ ಪತ್ರದ ಮೇಲರ್ಧ ಒಂದು ದೇಶದ ಪುಸ್ತಕಾಲಯದಲ್ಲಿ, ಕೆಳಗಿನರ್ಧ ಮತ್ತೊಂದು ದೇಶದಲ್ಲಿ. ಅಕ್ಷರದ ವಾಲಿಕೆಯಿಂದ ಬರೆದವನ ಕೈಯನ್ನು ಗುರುತಿಸಿ, ಹೆಸರಿನಿಂದ ಹೆಸರಿಗೆ ಎಳೆ ಹಿಡಿದು ಅವರು ಇವುಗಳನ್ನು ಜೋಡಿಸಬೇಕಾಗಿದ್ದಿತು. ತಿಳಿದುದನ್ನೆಲ್ಲ ಚಿಕ್ಕ ಚೀಟಿಗಳ ಮೇಲೆ ಬರೆದಿಟ್ಟರು. ಅಂತಹ 25 ಸಾವಿರಕ್ಕೂ ಹೆಚ್ಚು ಚೀಟಿಗಳು ಅವರ ಪಶ್ಚಾತ್ ಉಳಿದಿವೆ. ಯಂತ್ರಗಳ ನೆರವಿಲ್ಲದೆ ಕಣ್ಣು ಮತ್ತು ನೆನಪಿನ ಬಲದಿಂದಲೇ ನಡೆದ ಕೆಲಸವಿದು.

ಪೆಟ್ಟಿಗೆಯೊಳಗಣ ಮಂಗಳೂರು

ಮೊದಲಿಗೆ ಅವರಿಗೆ ಲೆಬ್ದಿ ಎಂಬ ವ್ಯಾಪಾರಿಯ ವ್ಯಾಜ್ಯದ ದಾಖಲೆ ಸಿಕ್ಕಿತು. 1097-98ರಲ್ಲಿ ನಡೆದ ಆ ವ್ಯಾಜ್ಯವು ಅವನ ಭಾರತ ಪ್ರವಾಸದ ಸರಕಿಗೆ ಸಂಬಂಧಿಸಿದುದು. ಈಜಿಪ್ಟಿನಿಂದ ಏಡನ್ ದಾರಿಯಾಗಿ ಭಾರತಕ್ಕೆ ಹೋಗಿಬರುತ್ತಿದ್ದ ವ್ಯಾಪಾರಿಗಳ ಮತ್ತಷ್ಟು ಕಾಗದಗಳಿಗಾಗಿ ಹುಡುಕಿದಾಗ, ಎಲ್ಲರಿಗಿಂತ ಹೆಚ್ಚು ಕಾಗದಗಳನ್ನು ಉಳಿಸಿಹೋದ ಒಬ್ಬ ಮನುಷ್ಯನು ಅವರ ಕಣ್ಣಿಗೆ ಬಿದ್ದನು. ಅವನೇ ಅಬ್ರಹಾಂ ಬೆನ್ ಯಿಜು. ಉತ್ತರ ಆಫ್ರಿಕದ ಮಹ್ದಿಯಾ ಎಂಬ ರೇವುಪಟ್ಟಣ ಅವನ ಹುಟ್ಟೂರು. ವ್ಯಾಪಾರಿ, ಕವಿ, ಧರ್ಮಶಾಸ್ತ್ರಜ್ಞ, ಕೈಬರಹದಲ್ಲಿ ನಿಷ್ಣಾತ. ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದು ನಮ್ಮ ಕರಾವಳಿಯಲ್ಲಿ ಸುಮಾರು ಹದಿನೇಳು ವರ್ಷ ಕಳೆದನು.

ಅವನ ಕಾಗದಗಳಲ್ಲಿ ಮಂಗಳೂರಿನ ಹೆಸರು ಮಂಜರೂರ್. 1132ರ ಅಕ್ಟೋಬರ್ 17ರಂದು ಅಲ್ಲಿಯೇ ಬರೆದ ಒಂದು ಬಿಡುಗಡೆಪತ್ರ ಉಳಿದಿದೆ. ಅಶು ಎಂಬ ಸ್ಥಳೀಯ ದಾಸಿಯನ್ನು ಬೆನ್ ಯಿಜು ದಾಸ್ಯದಿಂದ ಬಿಡಿಸಿದುದಕ್ಕೆ ಅದು ಆಧಾರ. ಆ ಬಳಿಕ ಅವಳು ಅವನ ಮಕ್ಕಳ ತಾಯಿಯಾದಳೆಂದು ಗೊಯ್ಟೈನರು ತೀರ್ಮಾನಿಸಿದರು. ಕಾಲವನ್ನು ನಾವು ಗುರುತಿಸಿಕೊಳ್ಳಬೇಕಾದರೆ, ತುಳುನಾಡಿನಲ್ಲಿ ಆಳುಪ ಅರಸರ ಆಳ್ವಿಕೆ, ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ ನಡೆದಿದ್ದ ದಿನಗಳವು. ಬಸವಣ್ಣನವರು ಬಾಳಿದುದು ಅದೇ ಶತಮಾನದಲ್ಲಿ.

ಬೆನ್ ಯಿಜು ಮಂಗಳೂರಿನ ಕಡೆಯಲ್ಲಿ ಕಂಚು ಹಿತ್ತಾಳೆಯ ಕಾರ್ಖಾನೆಯೊಂದನ್ನು ನಡೆಸಿದನು. ಏಡನ್ನಿನ ಗಿರಾಕಿಗಳು ಒಡೆದ ಪಾತ್ರೆಗಳನ್ನೂ ತಾಮ್ರವನ್ನೂ ತೂಕ ಮಾಡಿ ಕಳುಹಿಸಿ, ಇಂಥ ಅಳತೆಯ ಇಂಥ ಪಾತ್ರೆ ಆಗಬೇಕೆಂದು ಬರೆಯುತ್ತಿದ್ದರು. ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ಅಲ್ಲಿಂದ ಅವನ ಮನೆಬಳಕೆಗಾಗಿ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಬರೆಯುವ ಕಾಗದ ಬರುತ್ತಿದ್ದವು. ನಮ್ಮವರು ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಾಲವದು. ಕಾಗದವೆಂಬುದು ಇಲ್ಲಿ ದುರ್ಲಭ ವಸ್ತು. ಆದುದರಿಂದ ಬಂದ ಪತ್ರದ ಬೆನ್ನ ಮೇಲೆಯೇ ಬೆನ್ ಯಿಜು ಲೆಕ್ಕ ಬರೆಯುತ್ತಿದ್ದನು, ಪಟ್ಟಿ ಮಾಡುತ್ತಿದ್ದನು, ಕವಿತೆಯನ್ನೂ ಗೀಚುತ್ತಿದ್ದನು. ಈ ಮಿತವ್ಯಯವೇ ಗೊಯ್ಟೈನರಿಗೆ ನಿಧಿಯಾಯಿತು. ಒಂದೇ ಹಾಳೆಯ ಒಂದು ಮಗ್ಗುಲಲ್ಲಿ ಏಡನ್, ಮತ್ತೊಂದು ಮಗ್ಗುಲಲ್ಲಿ ಮಂಗಳೂರು.

ವ್ಯಾಪಾರವೆಂದ ಮೇಲೆ ತಕರಾರು ಇದ್ದೇ ಇದೆ. ಕಾರ್ದಾರ್ ಎಂಬ ಊರಿನ ವ್ಯಾಪಾರಿ ಏಲಕ್ಕಿಗೆಂದು ಮುಂಗಡ ಹಣ ಪಡೆದು ಮಾಲು ಕೊಡದೆ ದಿನ ದೂಡಿದನು. ಏಡನ್ನಿನ ಪಾಲುಗಾರರು ವರ್ಷವರ್ಷವೂ ಬೆನ್ ಯಿಜುವಿಗೆ ಆ ಬಾಕಿಯನ್ನು ನೆನಪಿಸುತ್ತಲೇ ಇದ್ದರು. ಉದ್ರಿ ಪುಸ್ತಕ ಇಟ್ಟು ಗಲ್ಲಾದ ಮೇಲೆ ಕುಳಿತವನಿಗೆ ಈ ಪತ್ರಗಳ ಧಾಟಿ ಕೂಡಲೇ ಅರ್ಥವಾಗುತ್ತದೆ.

ಈ ವ್ಯವಹಾರದಲ್ಲಿ ಗೊಯ್ಟೈನರು ಮುಖ್ಯವಾಗಿ ಗಮನಿಸಿದುದು ಜನರ ಪರಸ್ಪರ ವಿಶ್ವಾಸವನ್ನು. ಏಡನ್ನಿನ ಯೆಹೂದ್ಯ ಮುಖಂಡನಾದ ಮದ್ಮೂನನು ಮಂಗಳೂರಿನ ಸ್ಥಳೀಯ ವ್ಯಾಪಾರಿಗಳಿಗೆ ಬೆನ್ ಯಿಜುವಿನ ಮೂಲಕ ಪೇಟೆಯ ಧಾರಣೆಯನ್ನು ತಿಳಿಸುತ್ತಾನೆ, ಕೂಡಿ ವ್ಯಾಪಾರ ಮಾಡೋಣವೆಂದು ಸೂಚಿಸುತ್ತಾನೆ. ಆ ಹೆಸರುಗಳಲ್ಲೊಂದರ ಕೊನೆಗಿರುವ ಸೀತಿ ಎಂಬುದು ನಮ್ಮ ಸೆಟ್ಟಿಯೇ ಎಂದು ವಿದ್ವಾಂಸರು ಅರ್ಥೈಸಿದ್ದಾರೆ. ಯೆಹೂದ್ಯರ ಸರಕು ರಾಮಿಷ್ತ್ ಎಂಬ ಮುಸಲ್ಮಾನ ಸಾಹುಕಾರನ ಹಡಗಿನಲ್ಲಿಯೂ ಹೋಗುತ್ತಿದ್ದಿತು, ಫತನ್‌ಸ್ವಾಮಿ ಎಂದು ಬರೆದಿರುವ ಭಾರತೀಯನ ಹಡಗಿನಲ್ಲಿಯೂ ಹೋಗುತ್ತಿದ್ದಿತು. ಅದು ನಮ್ಮ ಶಾಸನಗಳಲ್ಲಿ ಬರುವ ಪಟ್ಟಣಸ್ವಾಮಿ ಎಂಬ ವರ್ತಕಮುಖ್ಯರ ಬಿರುದು. ಮೂರು ಧರ್ಮದವರ ನಡುವೆ ದೊಡ್ಡ ಕರಾರುಪತ್ರಗಳಿಗಿಂತ ಹೆಚ್ಚಾಗಿ ಮಾತು ಮತ್ತು ಮರ್ಯಾದೆಯೇ ವ್ಯಾಪಾರವನ್ನು ನಡೆಸುತ್ತಿದ್ದವು. ಇದನ್ನು ಕಂಡು ಗೊಯ್ಟೈನರು ಆ ಯುಗವನ್ನು ಸತ್ಯಯುಗವೆಂದು ಕೊಂಡಾಡಲಿಲ್ಲ. ಮುಸಲ್ಮಾನ ರಾಜ್ಯಗಳಲ್ಲಿ ಯೆಹೂದ್ಯರು ತಲೆಗಂದಾಯ ತೆರಬೇಕಾಗಿದ್ದುದನ್ನೂ, ಆ ತೆರಿಗೆಯ ಭಾರದಿಂದ ಬಡವನು ನಲುಗಿದುದನ್ನೂ ಅವರು ಕಾಗದಗಳ ಆಧಾರದಿಂದಲೇ ತೋರಿಸಿದರು. ಇದ್ದುದನ್ನು ಇದ್ದಂತೆ ಹೇಳುವುದು ಅವರ ವ್ರತವಾಗಿದ್ದಿತು.

ಬೆನ್ ಯಿಜುವಿನ ಕೈಕೆಳಗೆ ಒಬ್ಬ ದಾಸನಿದ್ದನು. ಯಜಮಾನನ ಪರವಾಗಿ ಸರಕು ಹಣ ಹಿಡಿದು ಏಡನ್ನಿಗೆ ಹೋಗಿಬರುತ್ತಿದ್ದವನು ಅವನು. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ವಾಡಿಕೆ ಕಡಿಮೆಯಾದುದರಿಂದ ಅವನ ಹೆಸರು ಮೂರೇ ಅಕ್ಷರಗಳಲ್ಲಿ ಉಳಿದಿದೆ. ಗೊಯ್ಟೈನರು ಅದನ್ನು ಬಾಮಾ ಎಂದು ಓದಿ, ಬ್ರಹ್ಮ ಎಂಬುದರ ರೂಪವೆಂದು ಊಹಿಸಿದರು. ಮುಂದೆ ಕಾದಂಬರಿಕಾರ ಅಮಿತಾವ್ ಘೋಷ್ ಈ ಮನುಷ್ಯನ ಬೆನ್ನುಹತ್ತಿ ಮಂಗಳೂರಿಗೆ ಬಂದು, ತುಳು ವಿದ್ವಾಂಸರಾದ ಪ್ರೊಫೆಸರ್ ಬಿ. ಎ. ವಿವೇಕ ರೈ ಅವರಲ್ಲಿ ವಿಚಾರಿಸಿದಾಗ ಅದು ಬೊಮ್ಮ ಆಗಿರಬೇಕೆಂದು ತಿಳಿಯಿತು. ಈ ವೃತ್ತಾಂತ 1992ರಲ್ಲಿ ಪ್ರಕಟವಾದ ಘೋಷರ ಗ್ರಂಥದಲ್ಲಿದೆ. ನಂತರದ ಪತ್ರಗಳಲ್ಲಿ ಏಡನ್ನಿನ ಸಾಹುಕಾರರು ಈ ಬೊಮ್ಮನಿಗೂ ವಂದನೆ ತಿಳಿಸುತ್ತಾರೆ. ಹಿರಿಯರಿಗೆ ಬಳಸುವ ಶೇಖ್ ಎಂಬ ಮರ್ಯಾದೆಯ ಮಾತೂ ಅವನ ಹೆಸರಿಗೆ ಸೇರುತ್ತದೆ. ಅರಸರ ಶಾಸನಗಳಲ್ಲಿ ಇಂಥವನಿಗೆ ಎಡೆಯಿಲ್ಲ. ವ್ಯಾಪಾರಿಯ ಕಾಗದದ ಕೊನೆಯ ಸಾಲಿನಲ್ಲಿ ಅವನು ಉಳಿದನು. ಅಶುವಿನ ಕೈಯಿಂದ ಬರೆದ ಒಂದಕ್ಷರವೂ ಉಳಿದಿಲ್ಲ. ಬಿಡುಗಡೆಪತ್ರವಿಲ್ಲದಿದ್ದರೆ ಅವಳ ಹೆಸರೂ ಅಳಿಯುತ್ತಿದ್ದಿತು.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಹಿಡಿದರು. ಬೆನ್ ಯಿಜುವಿನ ಅಣ್ಣತಮ್ಮಂದಿರು ದಿಕ್ಕಾಪಾಲಾಗಿ ಸಿಸಿಲಿಗೆ ಸೇರಿದರು. 1149ರಲ್ಲಿ ಮಂಗಳೂರನ್ನು ಬಿಟ್ಟು ಏಡನ್ನಿಗೆ ಬಂದ ಅವನು ಸೆಪ್ಟೆಂಬರ್ ತಿಂಗಳಲ್ಲಿ ಒಡಹುಟ್ಟಿದವರಿಗೆ ಪತ್ರ ಬರೆದನು. ತಾನು ಕ್ಷೇಮವಾಗಿ ಮರಳಿದ್ದೇನೆ, ಎಲ್ಲರೂ ಬದುಕಲು ಸಾಲುವಷ್ಟು ಗಳಿಸಿದ್ದೇನೆ, ಬಂದು ಕೂಡಿಕೊಳ್ಳಿರಿ ಎಂಬುದು ಅದರ ತಾತ್ಪರ್ಯ. ಆದರೆ ಒಬ್ಬ ತಮ್ಮನು ಅಣ್ಣನ ಹಣವನ್ನು ಲಪಟಾಯಿಸಿದನು. ಗಂಡುಮಗನು ತೀರಿಕೊಂಡನು. ಉಳಿದವಳು ಒಬ್ಬಳೇ ಮಗಳು. ಏಡನ್ನಿನ ಶ್ರೀಮಂತರು ಅವಳನ್ನು ಸೊಸೆಯಾಗಿ ಕೇಳಿದರೂ ಒಪ್ಪದೆ, ನಿರ್ಗತಿಕನಾದ ಅಣ್ಣತಮ್ಮನ ಮಗನಿಗೇ ಕೊಡಬೇಕೆಂದು ಅವನು ಹಟ ಹಿಡಿದನು. 1156ರಲ್ಲಿ ಈಜಿಪ್ಟಿನಲ್ಲಿ ಆ ಮದುವೆ ನಡೆಯಿತು. ದುಡಿಮೆಗಾಗಿ ದೂರ ಹೋದವನ ಹಣಕ್ಕೆ ಊರಿನಲ್ಲಿ ಏನಾಗುತ್ತದೆ, ಬೇರೆ ನೆಲದಲ್ಲಿ ಹುಟ್ಟಿ ಬೆಳೆದ ಮಗಳಿಗೆ ನೆಂಟಸ್ತನ ಎಲ್ಲಿ ನೋಡಬೇಕು, ಎಂಬ ಚಿಂತೆಗಳು ಹನ್ನೆರಡನೆಯ ಶತಮಾನದಲ್ಲಿಯೂ ಇದ್ದವು.

ಕೊನೆಯ ವರ್ಷಗಳು

ಭಾರತ ವ್ಯಾಪಾರದ ಈ ಕಾಗದಗಳನ್ನೆಲ್ಲ ಒಂದು ಗ್ರಂಥವಾಗಿ ಪ್ರಕಟಿಸಬೇಕೆಂಬುದು ಗೊಯ್ಟೈನರ ಮೊದಲ ಸಂಕಲ್ಪ. 1957ರಲ್ಲಿ ಅವರು ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಕೆಲಸ ಮುಂದುವರಿದಂತೆ ಅವರಿಗೆ ಒಂದು ಸಂಗತಿ ಮನವರಿಕೆಯಾಯಿತು. ಭಾರತಕ್ಕೆ ಹೋದ ವ್ಯಾಪಾರಿಯು ಒಂದು ಕೊಂಬೆ ಮಾತ್ರ. ಮರದ ಬೇರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಸಮಾಜದಲ್ಲಿದೆ. ಬೇರನ್ನು ತಿಳಿಯದೆ ಕೊಂಬೆಯನ್ನು ವಿವರಿಸುವುದು ಸರಿಯಲ್ಲವೆಂದು, ಪ್ರೀತಿಯ ಭಾರತ ಗ್ರಂಥವನ್ನು ಬದಿಗಿಟ್ಟು ಹೊಸ ಕೆಲಸವನ್ನು ಹಿಡಿದರು. ಆಗ ಅವರಿಗೆ ಐವತ್ತೆಂಟು ವರ್ಷ.

ಆ ಹೊಸ ಕೆಲಸವೇ ಮೆಡಿಟರೇನಿಯನ್ ಸಮಾಜವನ್ನು ಕುರಿತ ಅವರ ಮಹಾಗ್ರಂಥ. ಮೊದಲನೆಯ ಸಂಪುಟ 1967ರಲ್ಲಿಯೂ, ಎರಡನೆಯದು 1971ರಲ್ಲಿಯೂ, ಮೂರನೆಯದು 1978ರಲ್ಲಿಯೂ, ನಾಲ್ಕನೆಯದು 1983ರಲ್ಲಿಯೂ ಹೊರಬಂದವು. ವ್ಯಾಪಾರ, ಸಮಾಜದ ಕಟ್ಟುಪಾಡು, ಕುಟುಂಬ, ಮನೆ, ಊಟ, ಉಡುಗೆತೊಡುಗೆ ಒಂದನ್ನೂ ಬಿಡದೆ ವಿವರಿಸಿದ ಗ್ರಂಥವದು. ಯೆಹೂದ್ಯರ ಕೋಣೆಯಿಂದ ತೆಗೆದ ಕಾಗದಗಳಾದರೂ, ಇಸ್ಲಾಮೀ ನಾಡಿನ ಸಾಮಾನ್ಯ ಜನರ ಜೀವನಕ್ಕೆ ಇಷ್ಟು ವಿವರವಾದ ಕನ್ನಡಿ ಬೇರೆ ದೊರೆಯುವುದು ಕಷ್ಟ. ಆ ಕಾಲದ ಇಸ್ಲಾಮೀ ಸಮಾಜವನ್ನು ಅಧ್ಯಯನ ಮಾಡುವವರು, ಯಾವ ಧರ್ಮದವರೇ ಇರಲಿ, ಈ ಗ್ರಂಥವನ್ನು ಬದಿಗಿರಿಸಿ ಮುಂದೆ ಹೋಗುವಂತಿಲ್ಲ.

1970ರಲ್ಲಿ ನಿವೃತ್ತರಾದ ಬಳಿಕ ಅವರು ಪ್ರಿನ್ಸ್‌ಟನ್ನಿನ ಸಂಶೋಧನಾ ಸಂಸ್ಥೆಯಲ್ಲಿ ಕುಳಿತು ಕೆಲಸ ಮುಂದುವರಿಸಿದರು. ಐದನೆಯ ಸಂಪುಟದ ಬರವಣಿಗೆಯನ್ನು ಮುಗಿಸಿ, 1985ರ ಫೆಬ್ರವರಿ 6ರಂದು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ದಿವಂಗತರಾದರು. ಆ ಸಂಪುಟ 1988ರಲ್ಲಿ ಅಚ್ಚಾಯಿತು. ಭಾರತ ಗ್ರಂಥವನ್ನು ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಅವರಿಗೆ ಲಭಿಸಲಿಲ್ಲ. ಶಿಷ್ಯರಾದ ಮೊರ್ದೆಖಾಯ್ ಅಕೀವಾ ಫ್ರೀಡ್‌ಮನ್ನರು ಗುರುವಿನ ಟಿಪ್ಪಣಿಗಳನ್ನು ಕೈಗೆತ್ತಿಕೊಂಡು, ಹೊಸ ಕಾಗದಗಳನ್ನು ಸೇರಿಸಿ, 2008ರಲ್ಲಿ ಒಂಬತ್ತುನೂರಕ್ಕೂ ಹೆಚ್ಚು ಪುಟಗಳ ಇಂಗ್ಲಿಷ್ ಸಂಪುಟವನ್ನು ಇಬ್ಬರ ಹೆಸರಿನಲ್ಲಿಯೂ ಪ್ರಕಟಿಸಿದರು. ಗುರು ಆರಂಭಿಸಿದ ಕೆಲಸ ಅರ್ಧ ಶತಮಾನದ ನಂತರ ಶಿಷ್ಯನಿಂದ ಪೂರ್ಣವಾಯಿತು. ಅದರಲ್ಲಿ ಬೆನ್ ಯಿಜು, ಅಶು, ಬೊಮ್ಮ, ಏಲಕ್ಕಿಯ ಬಾಕಿ, ಎಲ್ಲವೂ ದಾಖಲಾಗಿವೆ.

ಗೊಯ್ಟೈನರ ಜೀವನದಿಂದ ನಾವು ಕಲಿಯಬೇಕಾದುದು ಎರಡು ಸಂಗತಿ. ಮೊದಲನೆಯದಾಗಿ, ಪರಧರ್ಮವನ್ನು ಅರಿಯುವುದಕ್ಕೆ ಸ್ವಧರ್ಮವನ್ನು ಬಿಡಬೇಕಾಗಿಲ್ಲ. ಶ್ರದ್ಧೆಯಿಂದ ಭಾಷೆಯನ್ನು ಕಲಿತು, ತಾಳ್ಮೆಯಿಂದ ಆಧಾರವನ್ನು ಓದಬೇಕು. ನೆರೆಯವನನ್ನು ಕುರಿತು ಕೇಳಿದ ಮಾತನ್ನೇ ನಂಬಿ ದ್ವೇಷ ಬೆಳೆಸುವ ಈ ದಿನಗಳಲ್ಲಿ, ಆಲಿಘರದಲ್ಲಿ ಕಲಿಸಿದ ಯೆಹೂದ್ಯ ಗುರು, ಕುರಾನಿನ ಪ್ರಾರ್ಥನೆಯನ್ನು ಅಭ್ಯಸಿಸಿದ ಯೆಹೂದ್ಯ ಶಿಷ್ಯ ಇಬ್ಬರೂ ನೆನಪಿನಲ್ಲಿಡತಕ್ಕವರು.

ಎರಡನೆಯದು ನಮ್ಮ ಮನೆಯ ವಿಷಯ. ಬೆನ್ ಯಿಜು ದುಡಿಮೆಗಾಗಿ ಮಂಗಳೂರಿಗೆ ಬಂದನು. ನಾವು ದುಡಿಮೆಗಾಗಿ ಮಂಗಳೂರು, ಉಡುಪಿ, ಕುಂದಾಪುರಗಳಿಂದ ಮುಂಬಯಿಗೆ ಬಂದೆವು. ಅವನ ಕಾಗದಗಳು ಉಳಿದವು. ನಮ್ಮವು? ಸಯನ್, ಮಾಟುಂಗಾ, ಕೋಟೆ ಪ್ರದೇಶಗಳ ಹೋಟೆಲುಗಳಲ್ಲಿ ಎರಡು ಮೂರು ತಲೆಮಾರಿನ ಹುಡುಗರು ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಮನಿಆರ್ಡರ್ ಕಳುಹಿಸಿ ಊರಿನ ಮನೆಗಳಿಗೆ ಹಂಚು ಹೊದಿಸಿದರು. ಆ ಮನಿಆರ್ಡರಿನ ರಸೀತಿ, ತಾಯಿ ಬೇರೆಯವರ ಕೈಯಿಂದ ಬರೆಸಿದ ಕಾಗದ, ಹೋಟೆಲಿನ ಪಗಾರ ಪುಸ್ತಕ, ಸಂಘದ ಸಭೆಯ ನಡವಳಿಕೆಯ ಪುಸ್ತಕ ಎಲ್ಲವೂ ಕೋಣೆ ಬದಲಿಸುವಾಗ ರದ್ದಿಯವನ ತಕ್ಕಡಿಗೆ ಬೀಳುತ್ತಿವೆ. ಫೋನು ಬಂದ ಮೇಲೆ ಕಾಗದ ಬರೆಯುವ ವಾಡಿಕೆಯೇ ನಿಂತುಹೋಯಿತು. ಆದುದರಿಂದ ಹಳೆಯ ಟ್ರಂಕಿನಲ್ಲಿ ಉಳಿದಿರುವುದಕ್ಕೆ ಬೆಲೆ ಇನ್ನಷ್ಟು ಹೆಚ್ಚು. ನಮ್ಮ ಸಂಘಗಳು ಒಂದು ಕಪಾಟನ್ನು ಇದಕ್ಕಾಗಿ ಮೀಸಲಿಟ್ಟು, ಸದಸ್ಯರಿಂದ ಇಂತಹ ಕಾಗದಗಳನ್ನು ಕೇಳಿ ಪಡೆದು, ಹೆಸರು ತಾರೀಖು ಬರೆದು ಕಾಪಾಡಿದರೆ ಬಹಳ ಖರ್ಚೇನೂ ಆಗದು. ಓದುವ ಪಂಡಿತನು ಇಂದೇ ಬರಬೇಕೆಂದಿಲ್ಲ. ಬೆನ್ ಯಿಜುವಿನ ಕಾಗದಗಳು ಎಂಟುನೂರು ವರ್ಷ ಕಾದವು.